ಅಂಚು ಕತ್ತರಿಸಿದ ಲಕ್ಷ್ಮಿ

– ಇದು ಅಸಲಿ ರವಿವರ್ಮನದ್ದೋ ಅಲ್ಲವೋ, ಅಷ್ಟು ಹೇಳಿಬಿಡಿ ಸಾರ್, ಸಾಕು. ಕೆಳಮೂಲೆಯಲ್ಲಿ ಇಂಗ್ಲಿಷಿನಲ್ಲಿ ಅವನ ಸಹಿ ಇದೆ. ಕಾಗದ ಕಂದು ಬಣ್ಣಕ್ಕೆ ತಿರುಗಿದೆ. ಮನೆಯ ದೇವರ ಕೋಣೆಯಲ್ಲಿ ತಲೆಮಾರುಗಳಿಂದ ತೂಗುಹಾಕಿದ್ದ ಪಟ, ಯಾರೋ ನಿನ್ನೆ ಸಂತೆಯಲ್ಲಿ ಕೊಂಡು ತಂದದ್ದಲ್ಲ. ಇಂಥ ಪಟದ ವಿಷಯದಲ್ಲಿ ಅನುಮಾನ ಪಡುವುದಕ್ಕೆ ಏನಿದೆ? ರವಿವರ್ಮನ ಚಿತ್ರಗಳು ಹರಾಜಿನಲ್ಲಿ ಕೋಟಿಗಳಿಗೆ ಹೋದ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಅದರಲ್ಲಿ ನೂರಕ್ಕೆ ಒಂದು ಪಾಲಾದರೂ ಇದಕ್ಕೆ ಬರಬೇಡವೇ?

– ನೀವು ಕೇಳಿದ ಪ್ರಶ್ನೆಯಲ್ಲೇ ತೊಡಕಿದೆ. ಈ ಹಾಳೆಯನ್ನು ರವಿವರ್ಮ ಬರೆದಿಲ್ಲ. ಬಹುಮಟ್ಟಿಗೆ ಮುಟ್ಟಿಯೂ ಇರಲಾರ. ಕೋಟಿಗೆ ಹೋಗುವುದು ಅವನೇ ಕುಂಚ ಹಿಡಿದು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದ ಚಿತ್ರ. ಬರೋಡಾದ ಗಾಯಕವಾಡರು ಬರೆಯಿಸಿಕೊಂಡ ಪೌರಾಣಿಕ ಚಿತ್ರಗಳು, ನಮ್ಮ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವಂಥವು, ಆ ಜಾತಿಯವು. ನಿಮ್ಮ ಕೈಯಲ್ಲಿರುವುದು ಓಲಿಯೋಗ್ರಾಫ್, ಅಂದರೆ ಎಣ್ಣೆಚಿತ್ರದ ಹಾಗೆ ಕಾಣಲಿ ಎಂದು ಕಲ್ಲಚ್ಚಿನಲ್ಲಿ ಮುದ್ರಿಸಿ ಮೇಲೆ ವಾರ್ನಿಷ್ ಬಳಿದ ಹಾಳೆ. ನಿಮ್ಮ ಚಿತ್ರಗಳನ್ನು ಯುರೋಪಿಗೆ ಕಳಿಸಿ ಹೀಗೆ ಅಚ್ಚು ಹಾಕಿಸಿ ಎಂದು ರವಿವರ್ಮನಿಗೆ ಸಲಹೆ ಕೊಟ್ಟವರು ತಿರುವಾಂಕೂರು, ಬರೋಡಾ ಎರಡೂ ಕಡೆ ದಿವಾನರಾಗಿದ್ದ ಸರ್ ಟಿ. ಮಾಧವರಾಯರು. ಅವನು ಯುರೋಪಿಗೆ ಕಳಿಸುವ ಬದಲು 1894ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ತಾನೇ ಪ್ರೆಸ್ ಹಾಕಿದ. ಯಂತ್ರಗಳು ಜರ್ಮನಿಯವು, ಕಸುಬು ಬಲ್ಲವರೂ ಜರ್ಮನಿಯಿಂದ ಬಂದವರು. ಆಡಳಿತ ನೋಡಿಕೊಂಡವನು ತಮ್ಮ ಸಿ. ರಾಜರಾಜವರ್ಮ. ಅಲ್ಲಿ ನಡೆಯುತ್ತಿದ್ದ ಕೆಲಸ ಹೀಗೆ: ಮೂಲ ಚಿತ್ರವನ್ನು ಎದುರಿಗಿಟ್ಟುಕೊಂಡ ಕುಶಲಕರ್ಮಿ ಅದರ ಬಣ್ಣಗಳನ್ನು ಮನಸ್ಸಿನಲ್ಲೇ ಬಿಡಿಸಿಕೊಂಡು, ಒಂದೊಂದು ಬಣ್ಣಕ್ಕೆ ಒಂದೊಂದು ಸುಣ್ಣಕಲ್ಲಿನ ಹಲಗೆಯ ಮೇಲೆ ಜಿಡ್ಡುಮಸಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಬರೆಯುತ್ತಿದ್ದ. ಹಾಳೆ ಕಲ್ಲಿನಿಂದ ಕಲ್ಲಿಗೆ ಹೋಗಿ, ಪ್ರತಿ ಕಲ್ಲಿನಲ್ಲಿ ಒಂದೊಂದು ಬಣ್ಣ ಹೊತ್ತುಕೊಂಡು ಕೊನೆಗೆ ಲಕ್ಷ್ಮಿಯಾಗುತ್ತಿತ್ತು. ನೀವು ತೋರಿಸುತ್ತಿರುವ ಸಹಿಯೂ ಹಾಗೆ ಕಲ್ಲಿನ ಮೇಲೆ ನಕಲಾದದ್ದೇ. ಚಿತ್ರದಲ್ಲಿರುವ ಆನೆಯ ಹಾಗೆ, ತಾವರೆಯ ಹಾಗೆ, ಅದೂ ಚಿತ್ರದ ಒಂದು ಭಾಗ. ಅದನ್ನು ಸಾಕ್ಷಿ ಎನ್ನುವುದು ಗ್ರಾಮಫೋನ್ ಪ್ಲೇಟಿನ ಮೇಲೆ ಗಾಯಕಿಯ ಬೆರಳಚ್ಚು ಹುಡುಕಿದ ಹಾಗೆ.

– ಹಾಗಾದರೆ ಲೆಕ್ಕ ಮುಗಿದೇ ಹೋಯಿತಲ್ಲ. ಎಲ್ಲವೂ ನಕಲು ಅಂದಮೇಲೆ ಅಸಲಿ ನಕಲು, ನಕಲಿ ನಕಲು ಅಂತ ಬೇರೆ ವಿಂಗಡಣೆ ಯಾಕೆ? ಆದರೆ ಯುರೋಪಿನವರು ಅಚ್ಚಿನ ಚಿತ್ರಗಳನ್ನೇ ಲಕ್ಷಗಟ್ಟಲೆ ಕೊಟ್ಟು ಕೊಳ್ಳುತ್ತಾರೆ. ಅವುಗಳ ಕೆಳಗೆ ಪೆನ್ಸಿಲಿನಲ್ಲಿ ಕಲಾವಿದನ ಸಹಿ ಇರುತ್ತದೆ, ಒಟ್ಟು ಎಷ್ಟು ಪ್ರತಿ, ಇದು ಎಷ್ಟನೆಯದು ಎಂಬ ಸಂಖ್ಯೆ ಇರುತ್ತದೆ. ಅಲ್ಲಿ ಅಸಲಿ, ನಕಲಿ ಅಂತ ಖಚಿತವಾಗಿ ಹೇಳಬಹುದಾದರೆ ಇಲ್ಲಿ ಯಾಕಾಗದು?

– ಅಲ್ಲೂ ನೀವು ಅಂದುಕೊಂಡಷ್ಟು ಖಚಿತವಲ್ಲ. 1974ರಲ್ಲಿ ಫ್ರಾನ್ಸಿನ ಗಡಿಯಲ್ಲಿ ಒಂದು ವಾಹನ ತಡೆದು ನೋಡಿದಾಗ ಸಾಲ್ವಡೋರ್ ಡಾಲಿ ಸಹಿ ಹಾಕಿದ ಸುಮಾರು 40,000 ಖಾಲಿ ಹಾಳೆಗಳು ಸಿಕ್ಕವು. ಚಿತ್ರವೇ ಇಲ್ಲ, ಸಹಿ ಮಾತ್ರ! ಆ ಹಾಳೆಗಳ ಮೇಲೆ ಆಮೇಲೆ ಯಾರು ಏನು ಮುದ್ರಿಸಿದರೂ ಸಹಿ ಅಸಲಿಯೇ. ಅಲ್ಲಿಂದೀಚೆಗೆ ಡಾಲಿಯ ಕಡೆಗಾಲದ ಅಚ್ಚುಚಿತ್ರ ಅಂದರೆ ತಿಳಿದವರು ಸಹಿ ನೋಡುವ ಮೊದಲು ಕಾಗದ ನೋಡುತ್ತಾರೆ. ಅಂದರೆ ಸಹಿಯೇ ಪ್ರಮಾಣವೆಂದು ನಂಬುವ ಪದ್ಧತಿಯಲ್ಲೂ ಕೊನೆಗೆ ಮಾತಾಡುವುದು ಕಾಗದ, ಮಸಿ, ಪ್ರೆಸ್ಸಿನ ದಾಖಲೆ, ಇವೇ. ರವಿವರ್ಮನ ವಿಷಯದಲ್ಲಂತೂ ಸಹಿಯಾಗಲಿ ಪ್ರತಿಗಳ ಸಂಖ್ಯೆಯಾಗಲಿ ಉದ್ದೇಶದಲ್ಲೇ ಇರಲಿಲ್ಲ. ಇಷ್ಟೇ ಪ್ರತಿ ಸಾಕು ಎಂದು ನಿಲ್ಲಿಸುವುದಕ್ಕಲ್ಲ ಅವನು ಪ್ರೆಸ್ ಹಾಕಿದ್ದು. ಅರಮನೆಯ ಒಳಗಿದ್ದ ಲಕ್ಷ್ಮಿ, ಸರಸ್ವತಿ, ಶಕುಂತಲೆಯರು ದುಡ್ಡಿಲ್ಲದವರ ಗೋಡೆಗೂ ಬರಲಿ ಎಂದು. ಹಾಗಿರುವಾಗ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಇದನ್ನು ಯಾರು ಬರೆದರು ಎನ್ನುವುದನ್ನು ಪಕ್ಕಕ್ಕಿಡಿ. ಯಾವ ಪ್ರೆಸ್ಸಿನದು, ಯಾವ ಊರಿನಲ್ಲಿ ಇದ್ದಾಗ ಅಚ್ಚಾದದ್ದು, ಕಲ್ಲಿನಿಂದ ಬಂತೋ ಆಫ್‌ಸೆಟ್ ಯಂತ್ರದಿಂದ ಬಂತೋ, ಇದನ್ನು ಕೇಳಿ. ಈ ಪ್ರಶ್ನೆಗೆ ಸಾಕ್ಷಿ ಸಿಗುತ್ತದೆ. ನಿಮ್ಮ ಮೊದಲ ಪ್ರಶ್ನೆಗೆ ಎಂದೂ ಸಿಗುವುದಿಲ್ಲ.

– ಪ್ರೆಸ್ಸು ಒಂದೇ ತಾನೆ? ರವಿವರ್ಮ ಪ್ರೆಸ್. ಅದರ ಹೆಸರಿದ್ದರೆ ಆಯಿತು.

– ಎಲ್ಲರೂ ಎಡವುವುದು ಇಲ್ಲಿಯೇ. ಪ್ರೆಸ್ ಶುರುವಾಗಿ ಎರಡೇ ವರ್ಷಕ್ಕೆ, 1896ರಲ್ಲಿ, ಮುಂಬಯಿಗೆ ಪ್ಲೇಗ್ ಬಂತು. ಜನ ಊರು ಬಿಟ್ಟರು, ಸಾಲ ಬೆಳೆಯಿತು. ಕೆಲವು ವರ್ಷಗಳಲ್ಲಿ ಪ್ರೆಸ್ಸನ್ನು ಕಾರ್ಲಾ, ಲೋಣಾವಳಗಳಿಗೆ ಹತ್ತಿರದ ಮಳವಲಿಗೆ ಎತ್ತಿಕೊಂಡು ಹೋದರು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲೇ ಅಣ್ಣತಮ್ಮಂದಿರು ಅದನ್ನು ತಮ್ಮಲ್ಲೇ ಕೆಲಸಕ್ಕಿದ್ದ ಫ್ರಿಟ್ಜ್ ಶ್ಲೈಷರ್ ಎಂಬ ಜರ್ಮನ್ ತಂತ್ರಜ್ಞನಿಗೆ ಮಾರಿಬಿಟ್ಟರು. ಅದರ ಜೊತೆಗೇ ಎಷ್ಟೋ ಚಿತ್ರಗಳನ್ನು ಮುದ್ರಿಸುವ ಹಕ್ಕೂ ಹೋಯಿತು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಪ್ರೆಸ್ ಮಾತ್ರ ಅವನ ಹೆಸರು ಹೊತ್ತುಕೊಂಡೇ ಮುಂದೆ ದಶಕಗಟ್ಟಲೆ ನಡೆಯಿತು, 1972ರಲ್ಲಿ ಬೆಂಕಿಗೆ ಆಹುತಿಯಾಗುವ ತನಕ ಅದರ ಕಥೆ ಚಾಚಿಕೊಂಡಿದೆ. ಈ ದೀರ್ಘ ಅವಧಿಯಲ್ಲಿ ಅಲ್ಲಿಂದ ಹೊರಬಿದ್ದದ್ದೆಲ್ಲ ರವಿವರ್ಮನ ಕಲ್ಪನೆಯಲ್ಲ. ಎಂ. ವಿ. ಧುರಂಧರರಂಥ ಬೇರೆ ಚಿತ್ರಕಾರರ ದೇವರುಗಳೂ ಅದೇ ಹೆಸರಿನಡಿ ಅಚ್ಚಾಗಿವೆ. ಬೆಂಕಿಪೆಟ್ಟಿಗೆ, ಬಟ್ಟೆ ಗಂಟಿನ ಚೀಟಿ, ಸೋಪಿನ ಜಾಹೀರಾತು, ಗ್ರೈಪ್ ವಾಟರ್ ಕ್ಯಾಲೆಂಡರ್ ಅಂತ ಇದೇ ಬಗೆಯ ಚಿತ್ರಗಳು ಎಲ್ಲೆಲ್ಲೋ ಹೋಗಿ ಕೂತವು. ಇನ್ನು ಹೆಸರಾದ ಚಿತ್ರವನ್ನು ಬೇರೆ ಪ್ರೆಸ್ಸಿನವರು ನೋಡಿ ಬರೆದು ಮುದ್ರಿಸಿಕೊಂಡದ್ದು ಬೇರೆ. ಆದ್ದರಿಂದ ರವಿವರ್ಮನ ಚಿತ್ರ ಬೇರೆ ಪ್ರೆಸ್ಸಿನದಾಗಿರಬಹುದು, ರವಿವರ್ಮ ಪ್ರೆಸ್ಸಿನ ಹಾಳೆ ಬೇರೆಯವರ ಚಿತ್ರವಾಗಿರಬಹುದು. ಇವೆರಡನ್ನೂ ಬೇರೆ ಬೇರೆಯಾಗಿ ಸಾಬೀತು ಮಾಡಬೇಕು. ಮಾರುವವರು ಸಾಮಾನ್ಯವಾಗಿ ಒಂದನ್ನು ತೋರಿಸಿ ಎರಡಕ್ಕೂ ದುಡ್ಡು ಕೇಳುತ್ತಾರೆ.

ಇದನ್ನೆಲ್ಲ ಬಿಡಿಸುವ ಕೀಲಿ ಇರುವುದು ಹಾಳೆಯ ಕೆಳಗಿನ ಅಂಚಿನಲ್ಲಿ. ಚಿತ್ರದ ಹೆಸರು, ಪ್ರೆಸ್ಸಿನ ಹೆಸರು, ಊರು, ಕೆಲವು ಸಲ ಮಾರಾಟದ ಹಕ್ಕು ಪಡೆದ ವರ್ತಕನ ಹೆಸರು, ಎಲ್ಲ ಸಣ್ಣಕ್ಷರದಲ್ಲಿ ಅಲ್ಲಿರುತ್ತವೆ. ಊರು ಮುಂಬಯಿ ಎಂದಿದ್ದರೆ ಒಂದು ಕಾಲ, ಕಾರ್ಲಾ–ಲೋಣಾವಳ ಎಂದಿದ್ದರೆ ಅದಕ್ಕಿಂತ ಈಚಿನ ಕಾಲ. ಚಿತ್ರ ಅದೇ, ಸಹಿ ಅದೇ, ಆದರೂ ಕಾಲವನ್ನು ತೋರಿಸಿಕೊಡುವುದು ಆ ಒಂದು ಸಾಲು.

– ಆ ಸಾಲೇ ಇದರಲ್ಲಿ ಇಲ್ಲವಲ್ಲ. ಚಿತ್ರ ಚೌಕಟ್ಟಿನ ತುದಿಯ ತನಕ ಇದೆ, ಬಿಳಿ ಅಂಚೇ ಕಾಣುತ್ತಿಲ್ಲ.

– ಕತ್ತರಿಸಿದ್ದಾರೆ. ಕಟ್ಟು ಹಾಕುವವರು ಮಾಡುತ್ತಿದ್ದದ್ದೇ ಹಾಗೆ. ಕೈಯಲ್ಲಿ ಸಿದ್ಧವಿದ್ದ ಗಾಜಿನ ಅಳತೆಗೆ ಹಾಳೆ ದೊಡ್ಡದಾದರೆ ಸುತ್ತಲಿನ ಬಿಳಿ ಅಂಚಿಗೆ ಕತ್ತರಿ. ಪೂಜೆಗೆ ಬೇಕಾದದ್ದು ದೇವಿ, ಅವಳ ಕಾಲಡಿಯ ಇಂಗ್ಲಿಷ್ ಅಕ್ಷರವಲ್ಲ. ಅವರ ಲೆಕ್ಕಕ್ಕೆ ಅದು ಸರಿಯೇ. ಆದರೆ ನಮ್ಮ ಲೆಕ್ಕಕ್ಕೆ ಅಲ್ಲಿ ಜನ್ಮಪತ್ರವೇ ಹೋಯಿತು. ಅಂಚಿರುವ ಹಾಳೆಗೂ ಅಂಚು ಹೋದ ಹಾಳೆಗೂ ಬೆಲೆಯಲ್ಲಿ ವ್ಯತ್ಯಾಸ ಬರುವುದು ಅಂದದ ಕಾರಣಕ್ಕಿಂತ ಹೆಚ್ಚಾಗಿ ಈ ಕಾರಣಕ್ಕೆ. ಕೆಲವೊಮ್ಮೆ ಮಾತ್ರ ಅಂಚನ್ನು ಕತ್ತರಿಸದೆ ಹಿಂದಕ್ಕೆ ಮಡಚಿರುತ್ತಾರೆ. ಅದಕ್ಕೇ ಹೇಳುವುದು, ಬೆಲೆಯ ಮಾತೆತ್ತುವ ಮೊದಲು ಚೌಕಟ್ಟಿನ ಬೆನ್ನು ಬಿಚ್ಚಿಸಬೇಕು.

ಅಂಚಿಲ್ಲದಿದ್ದರೆ ಹಾಳೆಯನ್ನೇ ಓದಬೇಕು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಅಕ್ಕಸಾಲಿಗರು ಕಣ್ಣಿಗಿಟ್ಟುಕೊಳ್ಳುವಂಥದು, ಸಾಕು. ಲಕ್ಷ್ಮಿಯ ಕೆನ್ನೆಯ ಮೇಲೆ ಇಡಿ. ದೂರದಿಂದ ಒಂದೇ ನಯವಾದ ಗೋಧಿಬಣ್ಣ ಕಂಡಿತಲ್ಲ, ಈಗ ಅದು ಚುಕ್ಕಿಗಳಾಗಿ ಒಡೆಯುತ್ತದೆ. ಗುಲಾಬಿ, ತಿಳಿಹಳದಿ, ಬೂದು, ಕಂದು. ಒಂದು ದಪ್ಪ, ಒಂದು ಸಣ್ಣ, ಒಂದು ಕಡೆ ಒತ್ತಾಗಿ, ಒಂದು ಕಡೆ ವಿರಳವಾಗಿ, ಯಾವ ಸಾಲಿಗೂ ಸೇರದೆ. ಯಾರೋ ಕೂತು ಕೈಯಲ್ಲೇ ಇಟ್ಟ ಚುಕ್ಕಿಗಳು ಅವು. ಸೀರೆಯ ಅಂಚಿಗೆ ಬನ್ನಿ: ಕೆಂಪಿನ ಕಲ್ಲೂ ಹೊನ್ನಿನ ಬಣ್ಣದ ಕಲ್ಲೂ ಕೂದಲೆಳೆಯಷ್ಟು ಸರಿದಿದ್ದರೆ ನಡುವೆ ಒಂದು ತೆಳು ಗೆರೆ ಕಾಣುತ್ತದೆ. ಬಣ್ಣಗಳು ಎಣಿಸಿದರೆ ನಾಲ್ಕಕ್ಕಿಂತ ಹೆಚ್ಚು ಸಿಗುತ್ತವೆ, ಏಕೆಂದರೆ ಒಳ್ಳೆಯ ಹಾಳೆಗೆ ಹಲವು ಕಲ್ಲುಗಳು ಬೇಕಿತ್ತು. ಅದೇ ಈಚಿನ ಆಫ್‌ಸೆಟ್ ಪಟವಾದರೆ ಕನ್ನಡಿಯ ಕೆಳಗೆ ಸೈನಿಕರ ಸಾಲಿನಂಥ ಶಿಸ್ತು ಕಾಣುತ್ತದೆ. ನೀಲಿ, ಕೆನ್ನೇರಳೆ, ಹಳದಿ, ಕಪ್ಪು ಈ ನಾಲ್ಕೇ ಬಣ್ಣದ ಚುಕ್ಕಿಗಳು ಸಣ್ಣ ಸಣ್ಣ ಹೂವಿನ ಆಕಾರದಲ್ಲಿ ಹೆಣೆದುಕೊಂಡಿರುತ್ತವೆ. ಇಂಕ್‌ಜೆಟ್ ಆಗಿದ್ದರೆ ಚುಕ್ಕಿಗೆ ಅಂಚೇ ಇರದು, ಮಂಜು ಸಿಂಪಡಿಸಿದ ಹಾಗೆ. ಆಮೇಲೆ ಕತ್ತಲೆ ಕೋಣೆಯಲ್ಲಿ ಅತಿನೇರಳೆ ಟಾರ್ಚ್ ಹಿಡಿಯಿರಿ, ನೋಟು ಪರೀಕ್ಷೆ ಮಾಡುವಂಥದೇ ಆದೀತು. ಕಾಗದವನ್ನು ಬೆಳ್ಳಗೆ ಕಾಣಿಸಲು ಹಾಕುವ ರಾಸಾಯನಿಕ ಬಳಕೆಗೆ ಬಂದದ್ದು 1950ರ ಆಸುಪಾಸಿನಲ್ಲಿ. ಹಾಳೆ ನೀಲಿಯಾಗಿ ಝಗ್ಗೆಂದರೆ ಅದು ನಿಮ್ಮ ಮುತ್ತಜ್ಜಿಯ ಕಾಲದ್ದಲ್ಲ.

– ತಡೆಯಿರಿ. ಕ್ಯಾಮೆರಾ ಬಳಸಿ ಅಚ್ಚು ಮಾಡುವುದು ಆ ಕಾಲಕ್ಕೇ ಬಂದಿತ್ತಲ್ಲ? ದಾದಾಸಾಹೇಬ್ ಫಾಲ್ಕೆ ಸಿನಿಮಾಕ್ಕೆ ಹೋಗುವ ಮೊದಲು ರವಿವರ್ಮ ಪ್ರೆಸ್ಸಿಗೇ ಫೋಟೋ ಲಿಥೋ ಕೆಲಸ ಮಾಡಿಕೊಟ್ಟವರು. ಹಾಗಿದ್ದಮೇಲೆ ಶಿಸ್ತಾದ ಚುಕ್ಕಿ ಕಂಡ ಮಾತ್ರಕ್ಕೆ ಆ ಪ್ರೆಸ್ಸಿನದಲ್ಲ ಅಂತ ಹೇಗೆ ತಳ್ಳಿಹಾಕುತ್ತೀರಿ? ಇನ್ನೊಂದು ಮಾತು. ನೀವು ಹೇಳಿದ್ದೆಲ್ಲ ಈಗ ಎಲ್ಲರಿಗೂ ಗೊತ್ತಿರುವ ಲಕ್ಷಣಗಳು. ಮೋಸ ಮಾಡುವವನಿಗೂ ಗೊತ್ತು. ಹಳೆಯ ಪುಸ್ತಕದ ಖಾಲಿ ಹಾಳೆ ತಂದು, ಟೀ ಡಿಕಾಕ್ಷನ್ ಬಳಿದು, ಹಳೆಯ ತೇಗದ ಚೌಕಟ್ಟಿಗೆ ಕೂರಿಸಿದರೆ ಯಾರಿಗೆ ತಿಳಿದೀತು?

– ಮೊದಲನೆಯ ಆಕ್ಷೇಪಣೆ ಒಪ್ಪಬೇಕಾದದ್ದೇ. ಫಾಲ್ಕೆ ಅಲ್ಲಿ ಕೆಲಸ ಮಾಡಿದ್ದು ನಿಜ, ಪ್ರೆಸ್ಸಿನ ವಿಧಾನಗಳು ಕಾಲಕಾಲಕ್ಕೆ ಬದಲಾದದ್ದೂ ನಿಜ. ಆದ್ದರಿಂದಲೇ ಯಾವ ಒಂದು ಲಕ್ಷಣವನ್ನೂ ತೀರ್ಪು ಎನ್ನಲಾಗದು. ಚುಕ್ಕಿ ಒಂದು ಕಾಲ ಹೇಳಿ, ಕಾಗದ ಇನ್ನೊಂದು ಹೇಳಿ, ಹಿಂದಿನ ರಟ್ಟಿಗಂಟಿಸಿದ ಪೇಪರು ಮೂರನೆಯದನ್ನು ಹೇಳಿದರೆ ಸುಮ್ಮನೆ ಬಹುಮತಕ್ಕೆ ಹೋಗಬಾರದು, ಯಾಕೆ ಹೀಗೆ ಎಂದು ಕೇಳಬೇಕು. ರಟ್ಟಿಗೆ ಅಂಟಿಸಿದ ಪೇಪರಿನ ತಾರೀಖು ಕಟ್ಟು ಹಾಕಿದ ಕಾಲವನ್ನು ಹೇಳೀತೇ ಹೊರತು ಹಾಳೆ ಅಚ್ಚಾದ ಕಾಲವನ್ನಲ್ಲ. ಕಟ್ಟು ಎರಡು ಸಲ ಹಾಕಿಸಿದ್ದರೆ ಅದನ್ನೂ ನೆಚ್ಚುವಂತಿಲ್ಲ.

ಎರಡನೆಯದರಲ್ಲಿ ನೀವು ಮೋಸಗಾರನಿಗೆ ಇಲ್ಲದ ಶ್ರಮ ಹೊರಿಸುತ್ತಿದ್ದೀರಿ. ಹತ್ತಾರು ಕಲ್ಲು ಕೆತ್ತಿ, ಅಲ್ಲ, ಬರೆದು, ಒಂದರ ಮೇಲೊಂದು ತಪ್ಪದ ಹಾಗೆ ಅಚ್ಚೊತ್ತಿ ಒಂದು ಓಲಿಯೋಗ್ರಾಫ್ ಖೋಟಾ ಮಾಡಲು ತಗಲುವ ಖರ್ಚು ಅಸಲಿ ಹಾಳೆಯ ಬೆಲೆಗಿಂತ ಹೆಚ್ಚು. ಈ ವ್ಯಾಪಾರದಲ್ಲಿ ಸುಳ್ಳು ಹಾಳೆಗಿಂತ ಸುಳ್ಳು ಹೆಸರೇ ಹೆಚ್ಚು ಓಡಾಡುತ್ತದೆ. ಅರವತ್ತರ ದಶಕದ ಆಫ್‌ಸೆಟ್ ಪಟಕ್ಕೆ ಓಲಿಯೋಗ್ರಾಫ್ ಎನ್ನುವುದು, ಧುರಂಧರರ ಚಿತ್ರಕ್ಕೆ ರವಿವರ್ಮ ಎನ್ನುವುದು, ಶ್ಲೈಷರನ ಕಾಲದ ಹಾಳೆಗೆ 1894 ಎಂದು ಚೀಟಿ ಅಂಟಿಸುವುದು, ಓಲಿಯೋಗ್ರಾಫನ್ನು ಕ್ಯಾನ್ವಾಸಿಗೆ ಅಂಟಿಸಿ ಮೇಲೆ ಒಂದಿಷ್ಟು ಎಣ್ಣೆಬಣ್ಣ ಎಳೆದು ಮೂಲಚಿತ್ರ ಎನ್ನುವುದು. ರವಿವರ್ಮನ ಕೃತಿಗಳ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಇವತ್ತು ಯಾರು ಬೇಕಾದರೂ ಆ ಲಕ್ಷ್ಮಿಯನ್ನು ಮುದ್ರಿಸಿ ಮಾರಬಹುದು, ಅದು ಅಪರಾಧವಲ್ಲ. ಅಪರಾಧ ಶುರುವಾಗುವುದು ಬಿಲ್ಲಿನಲ್ಲಿ ಬರೆಯುವ ಮಾತಿನಿಂದ. ಹಾಗಾಗಿ ಕೊಳ್ಳುವವರಾಗಲಿ ಮಾರುವವರಾಗಲಿ, 'ಹಳೆಯ ರವಿವರ್ಮ ಪ್ರಿಂಟ್' ಎಂಬ ಜಾರುಮಾತಿಗೆ ಒಪ್ಪದೆ, ಯಾವ ಪ್ರೆಸ್, ಯಾವ ವಿಧಾನ, ಸುಮಾರು ಯಾವ ಕಾಲ, ಅಂಚು ಇದೆಯೋ ಇಲ್ಲವೋ ಎಂದು ಬಿಲ್ಲಿನಲ್ಲೇ ಬರೆಸಬೇಕು.

– ಅದನ್ನು ಬರೆದುಕೊಡುವವರು ಯಾರು? ಸರ್ಟಿಫಿಕೇಟ್ ಕೊಡುವ ಸರಕಾರಿ ಕಚೇರಿ ಇದೆಯೇ? ಫೋಟೋ ಕಳಿಸಿದರೆ ಒಂದೇ ದಿನದಲ್ಲಿ ಪ್ರಮಾಣಪತ್ರ ಎಂದು ಜಾಹೀರಾತು ಕೊಡುವವರಿದ್ದಾರೆ.

– ಇದು ಅಸಲಿ ಎಂದು ಸರಕಾರಿ ಮೊಹರು ಒತ್ತಿಕೊಡುವ ಕಿಟಕಿ ಯಾವುದೂ ಇಲ್ಲ. ವಸ್ತುಸಂಗ್ರಹಾಲಯದವರು ಗುರುತು ಹೇಳಲು ನೆರವಾದಾರು, ಬೆಲೆಯ ಮಾತಿಗೆ ಸಾಮಾನ್ಯವಾಗಿ ಬರುವುದಿಲ್ಲ. ರವಿವರ್ಮನ ವಿಷಯಕ್ಕೆ ಮೀಸಲಾದ ಹೆರಿಟೇಜ್ ಫೌಂಡೇಶನ್ ಬೆಂಗಳೂರಿನಲ್ಲೇ ಇದೆ. ಪ್ರೆಸ್ಸಿನ ಹಾಳೆಗಳ ಬಗ್ಗೆ ಎರ್ವಿನ್ ನ್ಯೂಮಾಯರ್ ಮತ್ತು ಕ್ರಿಸ್ಟೀನ್ ಶೆಲ್‌ಬರ್ಗರ್ ದೊಡ್ಡ ಕೆಲಸ ಮಾಡಿದ್ದಾರೆ. ರಾಜರಾಜವರ್ಮನ ದಿನಚರಿಯನ್ನು ಸಂಪಾದಿಸಿ ಕೊಟ್ಟವರೂ ಅವರೇ. ಹರಾಜು ಸಂಸ್ಥೆಗಳಲ್ಲೂ ಕಾಗದದ ಮೇಲಿನ ಚಿತ್ರಗಳನ್ನು ಬಲ್ಲವರಿರುತ್ತಾರೆ. ಆದರೆ ಇವರಲ್ಲಿ ಯಾರೇ ಬರೆದುಕೊಟ್ಟರೂ ಅದು ಬಲ್ಲವರ ಅಭಿಪ್ರಾಯ, ಅಷ್ಟೇ. ಅಭಿಪ್ರಾಯಕ್ಕೆ ತೂಕ ಬರುವುದು ಅದರೊಳಗಿನ ಕಾರಣಗಳಿಂದ. ಹಾಳೆಯ ಉದ್ದಗಲ, ಕಾಗದದ ಸ್ವರೂಪ, ಚುಕ್ಕಿಯ ದೊಡ್ಡದು ಮಾಡಿದ ಫೋಟೋ, ಹಿಂಬದಿಯ ಫೋಟೋ, ಯಾವ ಗುರುತಾದ ಪ್ರತಿಯೊಂದಿಗೆ ಹೋಲಿಸಿದರು, ಯಾವುದು ತೀರ್ಮಾನವಾಗದೆ ಉಳಿಯಿತು, ಇಷ್ಟಿದ್ದರೆ ನಾಳೆ ಇನ್ನೊಬ್ಬರು ಅದನ್ನು ಪರೀಕ್ಷಿಸಬಹುದು. ಹೊಳೆಯುವ ಹಾಲೋಗ್ರಾಮ್ ಅಂಟಿಸಿ 'ನೂರಕ್ಕೆ ನೂರು ಅಸಲಿ' ಎಂದು ಒಂದೇ ಸಾಲು ಬರೆದ ಪತ್ರ ಗೋಡೆಗೆ ಹಾಕಲು ಚೆನ್ನ. ಫೋಟೋ ನೋಡಿ ಹೇಳುವವರು ಒಂದು ಕೆಲಸ ಮಾತ್ರ ನಂಬಿಕೆಯಿಂದ ಮಾಡಬಲ್ಲರು: ಖಂಡಿತ ಅಲ್ಲ ಎನ್ನುವುದನ್ನು ಹೇಳುವುದು. ಹೌದು ಎನ್ನಲು ಹಾಳೆ ಕೈಗೆ ಸಿಗಬೇಕು.

– ಇಷ್ಟೆಲ್ಲ ಮಾಡಿಸಿದ ಮೇಲೆ ಬೆಲೆ ಎಷ್ಟಾದೀತು?

– ಹೆಚ್ಚಿನ ಓಲಿಯೋಗ್ರಾಫ್‌ಗಳ ಬೆಲೆ ಸಾವಿರಗಳ ಲೆಕ್ಕದಲ್ಲೇ ಆಡುತ್ತದೆ. ಅಪರೂಪದ ಚಿತ್ರ, ಪೂರ್ತಿ ಅಂಚು, ಮೊದಲ ಕಾಲದ ಸಾಲು, ಬಣ್ಣ ಕೆಡದ ಹಾಳೆ, ಇವೆಲ್ಲ ಕೂಡಿದರೆ ಮೇಲಕ್ಕೆ ಹೋದೀತು. ಕ್ಯಾನ್ವಾಸಿನ ಬೆಲೆಯ ಹತ್ತಿರಕ್ಕೂ ಸುಳಿಯುವುದಿಲ್ಲ. ಲಕ್ಷ್ಮಿ, ಸರಸ್ವತಿ ಎಲ್ಲರಿಗೂ ಬೇಕಾಗಿದ್ದರಿಂದ ಹೆಚ್ಚು ಅಚ್ಚಾದವು, ಹೆಚ್ಚು ಉಳಿದವು. ಹೆಚ್ಚು ಜನ ಕೊಳ್ಳದಿದ್ದ ಯಾವುದೋ ಪುರಾಣ ಪ್ರಸಂಗವೇ ಇವತ್ತು ವಿರಳ. ಆದ್ದರಿಂದ ನನ್ನನ್ನು ಕೇಳಿದರೆ, ಹತ್ತರಲ್ಲಿ ಒಂಬತ್ತು ಮನೆಯವರು ಪ್ರಮಾಣಪತ್ರಕ್ಕೆ ದುಡ್ಡು ಸುರಿಯುವ ಅಗತ್ಯವೇ ಇಲ್ಲ. ಭೂತಗನ್ನಡಿ ಹಿಡಿದು, ಬೆನ್ನು ಬಿಚ್ಚಿಸಿ ನೋಡಿದರೆ ತಿಳಿಯಬೇಕಾದದ್ದರಲ್ಲಿ ಮುಕ್ಕಾಲು ತಿಳಿಯುತ್ತದೆ. ಶುಲ್ಕ ಕೊಟ್ಟು ತಜ್ಞರನ್ನು ಕರೆಸುವುದು ಅಷ್ಟಾದ ಮೇಲೂ ಹಾಳೆಯಲ್ಲಿ ಏನೋ ವಿಶೇಷ ಉಳಿದಿದ್ದರೆ.

ಬೆಲೆ ಎಂದರೂ ಒಂದೇ ಅಲ್ಲ. ಅಂಗಡಿಯವನು ನಿಮ್ಮಿಂದ ಕೊಳ್ಳುವ ಬೆಲೆ ಎಲ್ಲಕ್ಕಿಂತ ಕಡಿಮೆ, ಹರಾಜಿನಲ್ಲಿ ಬೀಳುವ ಬೆಲೆ ಅದಕ್ಕಿಂತ ಮೇಲೆ, ಕಳೆದುಹೋದರೆ ಅಂಥದೇ ಇನ್ನೊಂದು ಕೊಳ್ಳಲು ಬೇಕಾಗುವ ವಿಮೆಯ ಬೆಲೆ ಎಲ್ಲಕ್ಕಿಂತ ಹೆಚ್ಚು. ವಿಮೆಗೆಂದು ಬರೆಸಿದ ಅಂಕಿ ತೋರಿಸಿ ಮಾರಲು ಹೊರಟರೆ ನಿರಾಸೆ ಖಂಡಿತ. ಬೆಲೆ ಕಟ್ಟುವವನೇ ನಾನೇ ಕೊಳ್ಳುತ್ತೇನೆ ಎಂದರೆ ಎದ್ದು ಬನ್ನಿ. ಬೆಲೆಯಲ್ಲಿ ಇಷ್ಟು ಪರ್ಸೆಂಟ್ ಶುಲ್ಕ ಕೊಡಿ ಎಂದರೂ ಎದ್ದು ಬನ್ನಿ. ಮೊದಲನೆಯವನಿಗೆ ಅಂಕಿ ಇಳಿಸುವ ಆಸೆ, ಎರಡನೆಯವನಿಗೆ ಏರಿಸುವ ಆಸೆ.

– ಲಂಡನ್ನಿನಲ್ಲಿ ಇಂಥದೇ ಹಾಳೆಗೆ ಹೆಚ್ಚು ಕೊಡುತ್ತಾರೆ ಎನ್ನುತ್ತಾರೆ. ಅಮೆರಿಕದಲ್ಲಿರುವ ಮಗಳ ಹತ್ತಿರ ಕಳಿಸಿ ಪರದೇಶದಲ್ಲೇ ಮಾರಿಸಿದರೆ?

– ಅಲ್ಲಿನ ಬೆಲೆ ಅಲ್ಲಿರುವ ಹಾಳೆಗೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ರವಿವರ್ಮನ ಕೃತಿಗಳಿಗೆ 1979ರಲ್ಲಿ ಕಲಾನಿಧಿಯ ಸ್ಥಾನವೂ ಸಿಕ್ಕಿದೆ. ಇಲ್ಲೊಂದು ತಮಾಷೆ ನೋಡಿ. ಹಾಳೆ ಹಳೆಯದೆಂದು ಸಾಬೀತಾದಷ್ಟೂ ಅದರ ಬೆಲೆ ಏರುತ್ತದೆ, ಅದೇ ಸಾಬೀತಿನಿಂದ ಪರದೇಶದ ಮಾರುಕಟ್ಟೆ ಮುಚ್ಚಿಕೊಳ್ಳುತ್ತದೆ. ಅಜ್ಜಿಯ ನೆನಪಿಗೆಂದು ಪಟವನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೊರಡುವ ಹೊರನಾಡ ಕನ್ನಡಿಗರಿಗೂ ಇದು ಅನ್ವಯ. ಕಾಲದ ಬಗ್ಗೆ ಅನುಮಾನವಿದ್ದರೆ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಾಚ್ಯವಸ್ತುವಲ್ಲ ಎಂಬ ಪತ್ರ ಪಡೆಯಬೇಕು.

– ಒಂದು ಮಾತು ಕೇಳಲೇಬೇಕು. ನೀವು ಎಲ್ಲವನ್ನೂ ಚುಕ್ಕಿಗೆ, ಕಾಗದಕ್ಕೆ ಇಳಿಸಿಬಿಟ್ಟಿರಿ. ಈ ಲಕ್ಷ್ಮಿಯ ಹಣೆಯ ಮೇಲೆ ಗಾಜಿಗೆ ಹಚ್ಚಿದ್ದಲ್ಲದೆ ಹಾಳೆಗೇ ಹತ್ತಿದ ಕುಂಕುಮವಿದೆ. ಸೆರಗಿಗೆ ಯಾರೋ ಜರಿ ಹೊಲಿದಿದ್ದಾರೆ, ಕಿರೀಟಕ್ಕೆ ಚಮಕಿ ಅಂಟಿಸಿದ್ದಾರೆ. ದೀಪದ ಹೊಗೆ ಹಿಡಿದಿದೆ. ನಿಮ್ಮ ಲೆಕ್ಕದಲ್ಲಿ ಇವೆಲ್ಲ ಹಾನಿಯೇ ತಾನೆ? ಇವನ್ನು ಒರೆಸಿ, ಬಿಡಿಸಿ, ಹೊಸದರಂತೆ ಮಾಡಿದರೆ ಬೆಲೆ ಏರುತ್ತದೆಯೇ?

– ದಯವಿಟ್ಟು ಮುಟ್ಟಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ವಾರ್ನಿಷ್ ಬಿಳಿಚಿಕೊಳ್ಳುತ್ತದೆ, ಕಾಗದ ಉಬ್ಬುತ್ತದೆ. ಮರದ ತಿರುಳಿನ ಅಗ್ಗದ ಕಾಗದ ಆಗಲೇ ಹಪ್ಪಳದ ಸ್ಥಿತಿಗೆ ಬಂದಿರುತ್ತದೆ. ಕಾಗದ ಸಂರಕ್ಷಣೆ ಕಲಿತವರು ಮಾತ್ರ ಮುಟ್ಟಬೇಕಾದ ಕೆಲಸವದು. ಇನ್ನು ಜರಿ, ಚಮಕಿಯ ವಿಷಯದಲ್ಲಿ ಮಾರುಕಟ್ಟೆ ನಿಮ್ಮ ಪಕ್ಷವೇ. ಹೀಗೆ ಅಲಂಕರಿಸಿದ ಓಲಿಯೋಗ್ರಾಫ್‌ಗಳನ್ನು ಹುಡುಕಿ ಕೊಳ್ಳುವ ಸಂಗ್ರಾಹಕರಿದ್ದಾರೆ, ಸಾದಾ ಹಾಳೆಗಿಂತ ಹೆಚ್ಚೇ ಕೊಡುತ್ತಾರೆ. ಕಾರಣ ಸರಳ. ಪ್ರೆಸ್ಸಿನಿಂದ ಹೊರಬಿದ್ದಾಗ ಒಂದರಂತೆ ಇನ್ನೊಂದಿದ್ದ ಹಾಳೆಗಳು ಸೂಜಿ ಹಿಡಿದ ಹೆಂಗಸರ ಕೈಗೆ ಬಂದಮೇಲೆ ಬೇರೆ ಬೇರೆಯಾದವು. ಕೈಯ ಗುರುತು ಬೇಕೆಂದು ನೀವು ಸಹಿಯ ಹತ್ತಿರ ಹುಡುಕುತ್ತಿದ್ದಿರಿ. ಈ ಹಾಳೆಯ ಮೇಲೆ ನಿಜಕ್ಕೂ ಕೆಲಸ ಮಾಡಿದ ಕೈ ಇದ್ದರೆ ಅದು ಸೆರಗಿನ ಹೊಲಿಗೆಯಲ್ಲಿದೆ, ಮತ್ತೆ ಕೆನ್ನೆಯ ಚುಕ್ಕಿಗಳಲ್ಲಿ, ಹೆಸರು ಬರೆಯದೆ ಹೋದ ಆ ಕಲ್ಲಚ್ಚಿನವನದು. ಅಲಂಕಾರವನ್ನೂ ಪರೀಕ್ಷಿಸಬೇಕು ಎನ್ನುವುದು ಬೇರೆ ಮಾತು. ಹಳೆಯ ಹಾಳೆಗೆ ಮೊನ್ನೆ ಮೊನ್ನೆ ಪ್ಲಾಸ್ಟಿಕ್ ಚಮಕಿ ಅಂಟಿಸಿ ಬೆಲೆ ಏರಿಸುವವರಿದ್ದಾರೆ. ಹಳೆಯ ಜರಿಯಾದರೆ ಕಪ್ಪಿಟ್ಟಿರುತ್ತದೆ, ದಾರ ಹಾದ ತೂತಿನ ಸುತ್ತ ಕಾಗದವೂ ಅದೇ ಬಣ್ಣಕ್ಕೆ ತಿರುಗಿರುತ್ತದೆ. ತೂತಿನ ಅಂಚು ಬೆಳ್ಳಗಿದ್ದರೆ ಸೂಜಿ ಹೊಸದು. ಕುಂಕುಮಕ್ಕೆ ಮಾತ್ರ ಮಾರುಕಟ್ಟೆಯಲ್ಲಿ ಒಂದೇ ಅಭಿಪ್ರಾಯವಿಲ್ಲ. ಕೆಲವರು ಕಲೆಯೆಂದು ಬೆಲೆ ಇಳಿಸುತ್ತಾರೆ. ಪೂಜೆಗೆಂದೇ ಮಾಡಿದ ವಸ್ತುವಿಗೆ ಪೂಜೆಯ ಗುರುತು ದೋಷವಾಗುವುದು ಹೇಗೆಂದು ನನಗಂತೂ ಅರ್ಥವಾಗಿಲ್ಲ.

– ಕಡೆಯದಾಗಿ, ಮಾರುವ ಯೋಚನೆಯೇ ಇಲ್ಲ, ಮನೆಯಲ್ಲಿ ಪಾಲು ಹಂಚಬೇಕಾಗಿದೆ ಅಂತಿಟ್ಟುಕೊಳ್ಳಿ. ಮೂವರು ಮಕ್ಕಳು, ಒಂದೇ ಪಟ. ಯಾವ ಅಂಕಿ ಹಿಡಿಯಬೇಕು?

– ಅಂಗಡಿಯವನದೂ ಬೇಡ, ವಿಮೆಯದೂ ಬೇಡ. ಇದೇ ಚಿತ್ರದ, ಇದೇ ಸ್ಥಿತಿಯ, ಸಾಧ್ಯವಾದರೆ ಇದರ ಹಾಗೆಯೇ ಅಂಚು ಹೋದ ಹಾಳೆಗಳು ಭಾರತದ ಹರಾಜುಗಳಲ್ಲಿ ನಿಜವಾಗಿ ಎಷ್ಟಕ್ಕೆ ಮಾರಾಟವಾದವು ಎಂದು ನೋಡಿ. ಕ್ಯಾಟಲಾಗಿನಲ್ಲಿ ಬರೆದ ಅಂದಾಜಲ್ಲ, ಮಾರಾಟವಾದದ್ದು. ಅದರಲ್ಲೂ ಕೊಳ್ಳುವವರು ಹರಾಜು ಸಂಸ್ಥೆಗೆ ಮೇಲೆ ತೆತ್ತ ಕಮಿಷನ್ ಸೇರಿದೆಯೇ ಎಂದು ವಿಚಾರಿಸಿ, ಸೇರಿದ್ದರೆ ಕಳೆಯಿರಿ. ಯಾರೂ ಕೂಗದೆ ವಾಪಸ್ಸಾದ ಹಾಳೆಗಳಿದ್ದರೆ ಅವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಜನ ಅದನ್ನು ಬೇಕೆಂದೇ ಮರೆಯುತ್ತಾರೆ. ಹಾಗೆ ಬಂದ ಅಂಕಿಯನ್ನು ಮೂವರ ಮುಂದಿಟ್ಟು, ಪಟ ಬೇಕೆನ್ನುವವರು ಉಳಿದಿಬ್ಬರಿಗೆ ಪಾಲು ಕೊಡಲಿ.

– ಮೂವರಿಗೂ ಬೇಕೆಂದರೆ?

– ಅಂಕಿಯನ್ನು ಮೊದಲು ಹೇಳಿ ನೋಡಿ. ಕೋಟಿಯಲ್ಲ, ಸಾವಿರ ಎಂದು ತಿಳಿದ ಮೇಲೂ ಮೂವರೂ ಬೇಕೆಂದರೆ ಅವರಿಗೆ ಬೇಕಾಗಿರುವುದು ಲಕ್ಷ್ಮಿಯೇ ಇರಬೇಕು. ಅದಕ್ಕೆ ಬೆಲೆ ಕಟ್ಟುವವನ ಹತ್ತಿರ ಹೋಗಿ ಪ್ರಯೋಜನವಿಲ್ಲ, ಚೀಟಿ ಎತ್ತಿ.